ಕೆಂಪು ಗೆರೆ ಕೂಡುವುದಿಲ್ಲ

ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಹುಡುಕುತ್ತಾ ಕುಳಿತಿರುವ ಅಜ್ಜ ಅಜ್ಜಿಯರೇ,

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎರಡು ವಿಷಯದಲ್ಲಿ ಸ್ವಲ್ಪ ಜಂಬ ಇರುತ್ತದೆ. ಒಂದು ಅವನ ಅಕ್ಷರ, ಇನ್ನೊಂದು ಅವನ ಕೂಡುವ ಲೆಕ್ಕ. ನನ್ನ ಎರಡನೆಯ ಜಂಬ ಈ ದಸರಾ ರಜೆಯಲ್ಲಿ ಹೇಗೆ ಇಳಿಯಿತು ಎಂಬುದೇ ಈ ವಾರದ ಕಥೆ. ಇಳಿಸಿದವಳು ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು. ಇಳಿಸಿದ್ದು ಅವಳು ಮಾಡಿದ ಒಂದು ವೆಬ್ ಪುಟ.

ಮೊದಲು ಲೆಕ್ಕದ ವಿಚಾರ ಹೇಳಿಬಿಡುತ್ತೇನೆ. ನಮ್ಮ ಬೀದಿಯ ಹನ್ನೆರಡು ಮಂದಿ ಹೆಂಗಸರು ಗೌರಿ ಹಬ್ಬದ ಖರ್ಚಿಗೆಂದು ತಿಂಗಳು ತಿಂಗಳು ಹಣ ಕೂಡಿಡುತ್ತಾರೆ. ಯಾರಿಗೆ ಎಷ್ಟು ಸಾಧ್ಯವೋ ಅಷ್ಟು, ನೂರು ರೂಪಾಯಿಯಿಂದ ಮುನ್ನೂರೈವತ್ತರ ತನಕ. ಹಣದ ಡಬ್ಬಿ ನನ್ನ ಹೆಂಡತಿಯ ಹತ್ತಿರ. ಪುಸ್ತಕ ಬರೆದು ಕೂಡಿ ಕೊಡುವುದು ನನ್ನ ಕೆಲಸ. ಈ ಸಲ ಹಬ್ಬ ಮುಗಿದ ಮೇಲೆ ಹೊಸ ಪುಸ್ತಕ ತೆರೆದೆ. ಹನ್ನೆರಡು ಹೆಸರನ್ನು ಒಂದರ ಕೆಳಗೊಂದು ಬರೆದು, ಕೆಳಗೆ ಮೊತ್ತ 2,450 ಎಂದು ಹಾಕಿ, ಹಳೆಯ ಅಭ್ಯಾಸದಂತೆ ಅದರಡಿ ಕೆಂಪು ಶಾಯಿಯಲ್ಲಿ ಜೋಡಿಗೆರೆ ಎಳೆದೆ. ನೋಡಲು ಲಕ್ಷಣವಾಗಿತ್ತು.

ಡಬ್ಬಿಯ ಹಣ ಎಣಿಸಿದರೆ 2,650!

'ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ?' ಎನ್ನುತ್ತೀರಾ? ಇಲ್ಲ ಮಕ್ಕಳೇ. ಹೆಚ್ಚಾಗಿ ಬಂದದ್ದು ಯಾರದೋ ಹಣ. ಅದು ಯಾರದೆಂದು ಗೊತ್ತಾಗುವ ತನಕ ಲೆಕ್ಕ ಇಡುವವರಿಗೆ ನಿದ್ದೆ ಬರುವುದಿಲ್ಲ.

ಲೆಕ್ಕ ತಾಳೆಯಾಗದಿದ್ದರೆ ಬ್ಯಾಂಕಿನಲ್ಲಿ ನಾವು ಒಂದು ಪರೀಕ್ಷೆ ಮಾಡುತ್ತಿದ್ದೆವು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುವುದು. ಶೇಷ ಬಾರದಿದ್ದರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿರಬಹುದು. 63ರ ಬದಲು 36 ಬರೆದರೆ ವ್ಯತ್ಯಾಸ 27, ಒಂಬತ್ತು ಮೂರಲ ಇಪ್ಪತ್ತೇಳು. ನಮ್ಮ ಇನ್ನೂರನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಹಾಗಾಗಿ ನಾನು ತೀರ್ಪು ಕೊಟ್ಟೆ: "ಇನ್ನೂರು ಕೊಡುವವರು ನಾಲ್ಕು ಜನ ಇದ್ದಾರೆ. ಅವರಲ್ಲಿ ಯಾರೋ ಎರಡು ಸಲ ಕೊಟ್ಟಿದ್ದಾರೆ. ನೀನು ಗಮನಿಸಿಲ್ಲ."

ಪಾಪ, ಅವಳು ನಾಲ್ಕೂ ಮನೆಗೆ ಹೋಗಿ ಕೇಳಿ ಬಂದಳು. ಯಾರೂ ಎರಡು ಸಲ ಕೊಟ್ಟಿರಲಿಲ್ಲ. ಒಂದು ಮನೆಯಲ್ಲಿ, "ಲೆಕ್ಕ ಸ್ವಲ್ಪ ಸರಿಯಾಗಿ ಇಟ್ಕೊಳ್ಳಿ" ಎಂದರಂತೆ. ತಮಾಷೆಗೇ ಹೇಳಿದ್ದಿರಬಹುದು. ಆದರೆ ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಇಂಥ ಹೊತ್ತಿಗೆ ಮೊಮ್ಮಗಳು ರಜೆಗೆ ಬಂದಳು. "ಅಜ್ಜಿ, ನಮಗೆ ಸ್ಕೂಲಲ್ಲಿ ಎಚ್‌ಟಿಎಂಎಲ್ ಹೇಳಿಕೊಟ್ಟಿದಾರೆ. ನಿನ್ನ ಲೆಕ್ಕಕ್ಕೆ ನಾನೊಂದು ಪುಟ ಮಾಡಿಕೊಡ್ತೀನಿ" ಎಂದು ಲ್ಯಾಪ್‌ಟಾಪ್ ತೆರೆದು ಕೂತಳು. ಸಂಜೆಗೆ ಪುಟ ಸಿದ್ಧ. ಮೇಲೆ ದೊಡ್ಡಕ್ಷರದಲ್ಲಿ 'ಗೌರಿ ಹಬ್ಬದ ಉಳಿತಾಯ', ಕೆಳಗೆ ಹನ್ನೆರಡು ಹೆಸರಿನ ಪಟ್ಟಿ, ಪ್ರತಿ ಹೆಸರಿನ ಮುಂದೆ ಮೊತ್ತ ಬರೆಯಲು ಒಂದೊಂದು ಚೌಕ. ಕೊನೆಯ ಸಾಲಿನಲ್ಲಿ 'ಒಟ್ಟು 2,450', ಅದರಡಿ ನನ್ನ ಪುಸ್ತಕದಲ್ಲಿದ್ದಂತೆಯೇ ಜೋಡಿ ಕೆಂಪು ಗೆರೆ!

ಅಜ್ಜಿ ಪರೀಕ್ಷೆ ಮಾಡದೆ ಬಿಡುವವಳಲ್ಲ. ಮೊದಲ ಚೌಕದ 200 ಅಳಿಸಿ 300 ಮಾಡಿದಳು. ಒಟ್ಟು ಮಾತ್ರ 2,450 ಎಂದೇ ಕೂತಿತ್ತು.

"ಇದು ಕೂಡಲ್ವೇನೇ?"

"ಇಲ್ಲ ಅಜ್ಜಿ. ಒಟ್ಟು ನಾನೇ ತಾತನ ಪುಸ್ತಕ ನೋಡಿ ಟೈಪ್ ಮಾಡಿದ್ದು. ಎಚ್‌ಟಿಎಂಎಲ್ ಕೂಡಲ್ಲ."

"ಕೂಡದೆ ಇರೋದಕ್ಕೆ ಇಷ್ಟೊಂದು ಸಿಂಗಾರ ಯಾಕೆ?"

ಈ ಪ್ರಶ್ನೆಯಲ್ಲೇ ಈ ವಾರದ ಪಾಠ ಇದೆ ಮಕ್ಕಳೇ.

ಎಚ್‌ಟಿಎಂಎಲ್ ಎಂದರೆ ಹೈಪರ್‌ಟೆಕ್ಸ್ಟ್ ಮಾರ್ಕಪ್ ಲ್ಯಾಂಗ್ವೇಜ್. ಇದರಲ್ಲಿ ಮಾರ್ಕಪ್ ಎನ್ನುವ ಮಾತು ಕಂಪ್ಯೂಟರಿಗಿಂತ ಹಳೆಯದು, ಅದು ಅಚ್ಚುಕೂಟದ ಮಾತು. ಹಿಂದೆ ಪತ್ರಿಕೆಗಳಿಗೆ ಬರಹ ಕೈಬರಹದಲ್ಲಿ ಬರುತ್ತಿತ್ತು. ಸಂಪಾದಕರು ಅದರ ಅಂಚಿನಲ್ಲಿ 'ಇದು ಶೀರ್ಷಿಕೆ', 'ಇದು ದಪ್ಪಕ್ಷರ', 'ಇಲ್ಲಿಂದ ಹೊಸ ಪ್ಯಾರಾ' ಎಂದು ಗುರುತು ಹಾಕುತ್ತಿದ್ದರು. ಮೊಳೆ ಜೋಡಿಸುವವರು ಆ ಗುರುತು ನೋಡಿ ಪುಟ ಕಟ್ಟುತ್ತಿದ್ದರು. ಎಚ್‌ಟಿಎಂಎಲ್ ಮಾಡುವುದೂ ಇದನ್ನೇ. ಗಣಿತದಲ್ಲಿ 'ಚಿಕ್ಕದು, ದೊಡ್ಡದು' ತೋರಿಸಲು ಬಳಸುವ ಎರಡು ಗುರುತುಗಳಿವೆಯಲ್ಲ, ಅವುಗಳ ನಡುವೆ ಒಂದು ಚಿಕ್ಕ ಪದ ಬರೆದರೆ ಅದು ಟ್ಯಾಗ್. ಶೀರ್ಷಿಕೆಗೆ ಒಂದು ಟ್ಯಾಗ್, ಪ್ಯಾರಾಕ್ಕೆ ಒಂದು, ಪಟ್ಟಿಗೆ ಒಂದು, ಬರೆಯುವ ಚೌಕಕ್ಕೆ ಒಂದು. ಬ್ರೌಸರ್ ಅವುಗಳನ್ನು ಓದಿ ಪುಟ ಕಟ್ಟುತ್ತದೆ.

ಇದನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ವಿಜ್ಞಾನಿ. ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರ ಸರ್ನ್ ಎಂಬ ದೊಡ್ಡ ಭೌತಶಾಸ್ತ್ರ ಸಂಸ್ಥೆ ಇದೆ. ಬೇರೆ ಬೇರೆ ದೇಶದ ವಿಜ್ಞಾನಿಗಳು ತಮ್ಮ ಕಾಗದಪತ್ರಗಳನ್ನು ಸುಲಭವಾಗಿ ಹಂಚಿಕೊಳ್ಳಲಿ ಎಂದು 1989ರಲ್ಲಿ ಅವರು ಅಲ್ಲಿ ಒಂದು ಯೋಜನೆ ಬರೆದುಕೊಟ್ಟರು. 1991ರಲ್ಲಿ ಅದು ಹೊರಜಗತ್ತಿಗೆ ತಿಳಿಯಿತು. ಆಗ ಇದ್ದ ಟ್ಯಾಗುಗಳು ಎರಡು ಡಜನ್ ಕೂಡ ಇರಲಿಲ್ಲ. 1993ರಲ್ಲಿ ಸರ್ನ್ ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಕಾಗದ ಓದಲು ಹುಟ್ಟಿದ್ದರಿಂದ ಅದಕ್ಕೆ ಕೂಡುವ ಕಳೆಯುವ ಗೊಡವೆ ಇರಲಿಲ್ಲ.

ನನಗೆ ಇದು ನಮ್ಮ ಬ್ಯಾಂಕಿನ ಚಲನ್ ಇದ್ದ ಹಾಗೆ ಅನ್ನಿಸಿತು. ಚಲನ್‌ನಲ್ಲಿ 'ಹೆಸರು', 'ಖಾತೆ ಸಂಖ್ಯೆ', 'ಮೊತ್ತ' ಎಂದು ಅಚ್ಚಾಗಿರುತ್ತದೆ. ಯಾವ ಜಾಗ ಯಾವುದಕ್ಕೆ ಎಂದು ಅದು ಹೇಳುತ್ತದೆ. 'ಇದನ್ನು ತುಂಬಲೇಬೇಕು' ಎಂದು ಕೂಡ ಹೇಳಬಹುದು. ಎಚ್‌ಟಿಎಂಎಲ್‌ನಲ್ಲೂ ಹಾಗೆ ಒಂದು ಗುರುತು ಹಾಕಬಹುದು, ಖಾಲಿ ಬಿಟ್ಟು ಕಳಿಸಲು ಹೋದರೆ ಬ್ರೌಸರ್ ತಡೆಯುತ್ತದೆ. ಆದರೆ ನೀವು ಐನೂರರ ನೋಟು ನಾಲ್ಕು ಎಂದು ಬರೆದರೆ ಎರಡು ಸಾವಿರ ಎಂದು ಚಲನ್ ಹೇಳೀತೇ? ಅದಕ್ಕೆ ಕಿಟಕಿಯ ಆಚೆ ಒಬ್ಬ ಗುಮಾಸ್ತ ಬೇಕು.

ವೆಬ್ ಪುಟದ ಆ ಗುಮಾಸ್ತನ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬ ಇಂಜಿನಿಯರ್ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್ ಎಂದು ಕರೆಸಿಕೊಂಡು ಕೊನೆಗೆ ಇದು ಜಾವಾಸ್ಕ್ರಿಪ್ಟ್ ಆಯಿತು. ಜಾವಾ ಎನ್ನುವುದು ಬೇರೆಯೇ ಒಂದು ಭಾಷೆ. ಆಗ ಅದಕ್ಕೆ ಭಾರಿ ಹೆಸರಿದ್ದುದರಿಂದ ಇದಕ್ಕೂ ಆ ಹೆಸರು ಅಂಟಿಸಿದರು, ಅಷ್ಟೇ. ಒಂದೇ ಮನೆತನದ ಹೆಸರಿದ್ದ ಮಾತ್ರಕ್ಕೆ ನೆಂಟರಾಗಬೇಕಿಲ್ಲವಲ್ಲ!

ಮೊಮ್ಮಗಳು ಮಾರನೆಯ ದಿನ ಆ ಗುಮಾಸ್ತನನ್ನು ಕೆಲಸಕ್ಕೆ ಸೇರಿಸಿದಳು. ಪ್ರತಿ ಚೌಕಕ್ಕೂ ಒಂದು ಗುರುತಿನ ಹೆಸರು ಕೊಟ್ಟಳು, ನಮ್ಮ ಕಾಲದ ಹಿತ್ತಾಳೆ ಟೋಕನ್ನಿನ ಹಾಗೆ. ಟೋಕನ್ ಇಪ್ಪತ್ತೇಳು ಎಂದು ಕೂಗಿದರೆ ಆ ಗಿರಾಕಿಯೇ ಎದ್ದು ಬರುತ್ತಿದ್ದರಲ್ಲ, ಹಾಗೆ ಗುರುತು ಹೇಳಿ ಕೇಳಿದರೆ ಆ ಚೌಕವೇ ತನ್ನಲ್ಲಿ ಬರೆದದ್ದನ್ನು ಒಪ್ಪಿಸುತ್ತದೆ. 'ಕೂಡು' ಎಂದು ಒಂದು ಗುಂಡಿ ಇಟ್ಟಳು. 'ಇದನ್ನು ಒತ್ತಿದಾಗ ಹನ್ನೆರಡು ಚೌಕದಲ್ಲಿ ಇರುವುದನ್ನು ತೆಗೆದುಕೋ, ಕೂಡು, ಉತ್ತರವನ್ನು ಒಟ್ಟು ಎಂಬ ಜಾಗದಲ್ಲಿ ಬರೆ' ಎಂದು ಆಜ್ಞೆ ಬರೆದಳು. 'ಇದು ಒಟ್ಟು' ಎಂದು ಹೇಳುವುದು ಮಾರ್ಕಪ್. 'ಒಟ್ಟು ಮಾಡು' ಎಂದು ಹೇಳುವುದು ಸ್ಕ್ರಿಪ್ಟ್.

ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಹತ್ತು ನಿಮಿಷ ಹುಡುಕಿದ ಮೇಲೆ ಒಂದು ಆವರಣ ಚಿಹ್ನೆ ಮುಚ್ಚಿಲ್ಲವೆಂದು ಗೊತ್ತಾಯಿತು. ಇದು ಇನ್ನೊಂದು ವ್ಯತ್ಯಾಸ. ಎಚ್‌ಟಿಎಂಎಲ್ ಉದಾರಿ. ಟ್ಯಾಗ್ ಮುಚ್ಚಲು ಮರೆತರೂ, ದೊಡ್ಡಕ್ಷರದಲ್ಲಿ ಬರೆದರೂ ಬ್ರೌಸರ್ ಹೇಗೋ ಅರ್ಥ ಮಾಡಿಕೊಂಡು ಪುಟ ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ಹಾಗಲ್ಲ. ಒಂದು ಆವರಣ ತಪ್ಪಿದರೆ ಬರೆದ ಆಜ್ಞೆಯಷ್ಟೂ ನಿಂತುಹೋಗುತ್ತದೆ. ಇಂಗ್ಲಿಷಿನ ಚಿಕ್ಕಕ್ಷರ ಬೇರೆ, ದೊಡ್ಡಕ್ಷರ ಬೇರೆ ಎಂದು ಹಟ ಹಿಡಿಯುತ್ತದೆ. ಗೀಚುಬರಹದ ಚಲನ್ ನಡೆದೀತು, ಆದರೆ ಅಕ್ಷರದಲ್ಲಿ ಒಂದು ಮೊತ್ತ, ಅಂಕಿಯಲ್ಲಿ ಇನ್ನೊಂದು ಮೊತ್ತ ಇದ್ದ ಚೆಕ್ಕನ್ನು ವಾಪಸು ಕಳಿಸುತ್ತಿದ್ದೆವಲ್ಲ, ಹಾಗೆ.

ಆವರಣ ಮುಚ್ಚಿ ಮತ್ತೆ ಒತ್ತಿದಳು. ಉತ್ತರ ಬಂತು: 0200250150300 ಎಂದು ಶುರುವಾಗಿ, ರೈಲಿನ ಹಾಗೆ ಮೂವತ್ತೇಳು ಅಂಕಿ!

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಇಷ್ಟು ದುಡ್ಡಿದ್ದರೆ ಗೌರಿಗೆ ಬಂಗಾರದ ಮಂಟಪವೇ ಮಾಡಿಸಬಹುದು!"

ಏನಾಗಿತ್ತು ಗೊತ್ತೇ? ಚೌಕದೊಳಗೆ ನಾವು ಬರೆದದ್ದನ್ನು ಬ್ರೌಸರ್ ಅಕ್ಷರ ಎಂದೇ ಇಟ್ಟುಕೊಳ್ಳುತ್ತದೆ. ಅಕ್ಷರಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಜಾವಾಸ್ಕ್ರಿಪ್ಟ್ ಅವನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ. 'ಮನೆ', 'ಕೆಲಸ' ಸೇರಿ 'ಮನೆಕೆಲಸ' ಆದಂತೆ '200', '250' ಸೇರಿ '200250'. ಮೊದಲಿಗೆ ಇರುವ ಸೊನ್ನೆ ಅವಳು ಲೆಕ್ಕ ಶುರು ಮಾಡಿದ ಸೊನ್ನೆ. 'ಇದನ್ನು ಸಂಖ್ಯೆ ಎಂದು ತಿಳಿ' ಎಂದು ಆಜ್ಞೆಯಲ್ಲಿ ಬಿಡಿಸಿ ಹೇಳಬೇಕು. ಗುಮಾಸ್ತ ಬಹಳ ಚುರುಕು, ಆದರೆ ಹೇಳಿದ್ದಷ್ಟೇ ಮಾಡುತ್ತಾನೆ.

ಅವಳು ಅದನ್ನೂ ಸೇರಿಸಿ ಮತ್ತೆ ಗುಂಡಿ ಒತ್ತಿದಳು. ಒಟ್ಟು: 2,650.

ಮೂವರೂ ಸುಮ್ಮನಾದೆವು. ಡಬ್ಬಿಯಲ್ಲಿ ಇದ್ದದ್ದೂ ಅಷ್ಟೇ.

"ತಾತ, ನಿಮ್ಮ ಪುಸ್ತಕ ಕೊಡಿ" ಎಂದಳು. ನಾನೇ ತೆಗೆದು ಪೆನ್ಸಿಲ್ ಹಿಡಿದೆ. ಬಿಡಿ ಸ್ಥಾನದಲ್ಲಿ ಎಲ್ಲ ಸೊನ್ನೆ. ಹತ್ತರ ಸ್ಥಾನದಲ್ಲಿ ಐದು ಐವತ್ತುಗಳು, ಇಪ್ಪತ್ತೈದು. ಐದು ಬರೆದು ದಶಕ ಎರಡು. ನೂರರ ಸ್ಥಾನದಲ್ಲಿ ಇಪ್ಪತ್ತನಾಲ್ಕು. ದಶಕದ ಎರಡು ಸೇರಿಸಿದರೆ ಇಪ್ಪತ್ತಾರು. ನಾನು ಬರೆದದ್ದು ಇಪ್ಪತ್ತನಾಲ್ಕೇ. ದಶಕ ಕೂಡಿಸಲು ಮರೆತಿದ್ದೆ. ಆ ಎರಡೇ ಕಾಣೆಯಾದ ಇನ್ನೂರು.

ಯಾರೂ ಎರಡು ಸಲ ಕೊಟ್ಟಿರಲಿಲ್ಲ. ಯಾರ ಹಣವನ್ನೂ ಅವಳು ಬಿಟ್ಟಿರಲಿಲ್ಲ. ನನ್ನ ಹೆಂಡತಿ ಏನೂ ಅನ್ನಲಿಲ್ಲ. "ಕೆಂಪು ಗೆರೆ ಮಾತ್ರ ನೆಟ್ಟಗೆ ಎಳೆದಿದ್ದೀರಿ" ಎಂದು ಒಳಗೆ ಹೋದಳು.

ಆಗ ನನಗೆ ನಿಜವಾಗಿ ಅರ್ಥವಾಯಿತು. ನನ್ನ ಜೋಡಿಗೆರೆಯೂ ಒಂದು ಮಾರ್ಕಪ್ಪೇ. 'ಇದು ಒಟ್ಟು ಮೊತ್ತ' ಎಂದು ಅದು ಹೇಳುತ್ತದೆ. ಆ ಮೊತ್ತ ಸರಿ ಎಂದು ಹೇಳುವುದಿಲ್ಲ. ಅಂದವಾಗಿ ಬರೆದಿದೆಯೆಂದು ನಾನೇ ನಂಬಿದೆ, ನಂಬಿ ಅವಳನ್ನು ನಾಲ್ಕು ಮನೆಗೆ ಅಲೆಸಿದೆ.

ನನ್ನ ಮುಖ ನೋಡಿ ಮೊಮ್ಮಗಳಿಗೆ ಪಾಪ ಎನ್ನಿಸಿರಬೇಕು. "ತಾತ, ಜಾವಾಸ್ಕ್ರಿಪ್ಟ್ ತಪ್ಪುವುದನ್ನೂ ತೋರಿಸ್ತೀನಿ" ಎಂದು 0.1, 0.2 ಎರಡನ್ನೂ ಕೂಡಿಸಿದಳು. ಉತ್ತರ 0.3 ಬರಬೇಕಲ್ಲವೇ? ಬಂದದ್ದು 0.30000000000000004. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಸೇರಿಸಲು ಬಾರದ ಗುಮಾಸ್ತ! ಕಾರಣ ಇಷ್ಟೇ: ಕಂಪ್ಯೂಟರ್ ಒಳಗೆ ಸಂಖ್ಯೆಗಳನ್ನು ಬರೆದಿಡುವುದು ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಿಂದ. ಮೂರನೆಯ ಒಂದು ಭಾಗವನ್ನು ನಾವು ದಶಮಾಂಶದಲ್ಲಿ 0.333 ಎಂದು ಎಷ್ಟು ಬರೆದರೂ ಮುಗಿಯುವುದಿಲ್ಲವಲ್ಲ, ಹಾಗೆ ಹತ್ತನೆಯ ಒಂದು ಭಾಗ ಅದಕ್ಕೆ ಮುಗಿಯುವುದಿಲ್ಲ. ಒಂದು ಕಡೆ ಕತ್ತರಿಸಬೇಕು, ಕತ್ತರಿಸಿದಲ್ಲಿ ಚೂರು ವ್ಯತ್ಯಾಸ. ಉಪಾಯವೂ ಇದೆ. ರೂಪಾಯಿ ಬಿಟ್ಟು ಪೈಸೆಯಲ್ಲೇ ಲೆಕ್ಕ ಮಾಡುವುದು. ಹತ್ತು, ಇಪ್ಪತ್ತು ಸೇರಿ ಮೂವತ್ತು. ಪೂರ್ಣಸಂಖ್ಯೆ, ತಂಟೆಯಿಲ್ಲ.

ಆ ಪುಟದಿಂದ ಇನ್ನೂ ಒಂದು ಪಾಠ ಬಾಕಿಯಿತ್ತು. ಮಧ್ಯಾಹ್ನ ಅಜ್ಜಿ ಕೂತು ಎರಡನೆಯ ತಿಂಗಳ ಹನ್ನೆರಡು ಮೊತ್ತವನ್ನೂ ಒಂದೊಂದೇ ಬೆರಳಿನಲ್ಲಿ ಒತ್ತಿ ತುಂಬಿದಳು. ಆಮೇಲೆ ಪುಟ ಮುಚ್ಚಿ ಕಾಫಿಗೆ ಎದ್ದಳು. ಬಂದು ತೆರೆದರೆ ಹೊಸದು ಒಂದೂ ಇಲ್ಲ, ಹಳೆಯ ತಿಂಗಳದ್ದೇ ಕೂತಿದೆ! ಚೌಕದಲ್ಲಿ ತುಂಬಿದ್ದು ಪುಟ ತೆರೆದಿರುವ ತನಕ ಮಾತ್ರ ಇರುತ್ತದೆ. ಮತ್ತೆ ತೆರೆದರೆ ಮೂಲ ಕಡತದಲ್ಲಿ ಬರೆದಿರುವುದೇ ಬರುತ್ತದೆ. ಉಳಿಸಿಡು ಎಂದು ಸ್ಕ್ರಿಪ್ಟಿಗೆ ಹೇಳಿದರೆ ಆ ಕಂಪ್ಯೂಟರಿನ ಆ ಬ್ರೌಸರಿನಲ್ಲಿ ಉಳಿಸುತ್ತದೆ, ಹೇಳದಿದ್ದರೆ ಇಲ್ಲ. ಪುಣ್ಯಕ್ಕೆ ಅಜ್ಜಿ ಮೊದಲು ಪುಸ್ತಕದಲ್ಲಿ ಬರೆದುಕೊಂಡೇ ಕೂತಿದ್ದಳು.

ಇದೇ ಮಾತಿನ ಇನ್ನೊಂದು ಮಗ್ಗುಲನ್ನು ಅಜ್ಜ ಅಜ್ಜಿಯರು ಗಮನವಿಟ್ಟು ಓದಬೇಕು. ಬ್ರೌಸರಿನಲ್ಲಿ ಕಾಣುವ ಪುಟ ನಮ್ಮ ಕಂಪ್ಯೂಟರಿಗೆ ಬಂದ ಒಂದು ಪ್ರತಿ. ಬ್ರೌಸರಿನಲ್ಲೇ ಇರುವ ಒಂದು ಸಲಕರಣೆಯಿಂದ ಆ ಪ್ರತಿಯನ್ನು ಯಾರು ಬೇಕಾದರೂ ತಿದ್ದಬಹುದು. ಮೊಮ್ಮಗಳು ನಮ್ಮ 2,650ನ್ನು ಕಣ್ಣ ಮುಂದೆಯೇ 26,50,000 ಮಾಡಿ ತೋರಿಸಿದಳು. ಪುಟವನ್ನು ಹೊಸದಾಗಿ ತೆರೆದಾಗ ಅದು ಮಾಯ. ಬ್ಯಾಂಕಿನ ಪುಟವನ್ನೂ ಪರದೆಯ ಮೇಲೆ ಹೀಗೆ ತಿದ್ದಬಹುದು. ಆದರೆ ಬ್ಯಾಂಕಿನ ಕಂಪ್ಯೂಟರಿನಲ್ಲಿರುವ ನಿಮ್ಮ ಖಾತೆಯಲ್ಲಿ ಅದರಿಂದ ಒಂದು ಪೈಸೆಯೂ ಅಲುಗುವುದಿಲ್ಲ. ಇದನ್ನೇ ಮೋಸಗಾರರು ಬಳಸುತ್ತಾರೆ. 'ಹಣ ವಾಪಸು ಕೊಡುತ್ತೇವೆ' ಎಂದು ಫೋನ್ ಮಾಡಿ, ನಿಮ್ಮ ಪರದೆ ಅವರಿಗೆ ಸಿಗುವಂಥ ಆಪ್ ಹಾಕಿಸಿ, ಪುಟದ ಅಂಕಿ ತಿದ್ದಿ, 'ನೋಡಿ, ತಪ್ಪಿ ಹೆಚ್ಚು ಹಾಕಿಬಿಟ್ಟೆವು, ಹೆಚ್ಚಿನದನ್ನು ಹಿಂದಿರುಗಿಸಿ' ಎಂದು ಗೋಳಾಡುತ್ತಾರೆ. ನಂಬಬೇಡಿ. ಅಪರಿಚಿತರ ಮಾತು ಕೇಳಿ ಯಾವ ಆಪನ್ನೂ ಹಾಕಿಕೊಳ್ಳಬೇಡಿ. ಫೋನ್ ಇಟ್ಟು, ಪಾಸ್‌ಬುಕ್ ಹಿಡಿದು ನಿಮ್ಮ ಶಾಖೆಗೇ ಹೋಗಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗ ನಮ್ಮ ಮನೆಯಲ್ಲಿ ಎರಡೂ ಇದೆ. ಪುಸ್ತಕದಲ್ಲಿ ಬರೆಯುವುದು, ಪುಟದಲ್ಲಿ ಕೂಡುವುದು. ಎರಡೂ ತಾಳೆಯಾದ ಮೇಲೆ ಮಾತ್ರ ಕೆಂಪು ಗೆರೆ. ಗೆರೆ ಎಳೆಯುವ ಅಧಿಕಾರ ಸದ್ಯಕ್ಕೆ ಅಜ್ಜಿಯದು.

ಒಂದು ಕೆಲಸ ಮಾತ್ರ ಯಾವ ಸ್ಕ್ರಿಪ್ಟೂ ಮಾಡುವಂಥದ್ದಲ್ಲ. ಆ ಸಂಜೆ ನಾನು ಚಪ್ಪಲಿ ಮೆಟ್ಟಿಕೊಂಡು ಆ ನಾಲ್ಕು ಮನೆಗೂ ಹೋದೆ. "ಲೆಕ್ಕ ತಪ್ಪಿದ್ದು ನಾನು, ಅವಳಲ್ಲ" ಎಂದು ಹೇಳಿದೆ. ಮೊದಲ ಮನೆಯಲ್ಲಿ ನಾಲಿಗೆ ತಡವರಿಸಿತು. ನಾಲ್ಕನೆಯ ಮನೆಯ ಹೊತ್ತಿಗೆ ಸಲೀಸಾಯಿತು. ಅಲ್ಲಿ ಕಾಫಿಯನ್ನೂ ಕೊಟ್ಟರು.

ಮಕ್ಕಳೇ, ಈ ವಾರದ ಕೆಲಸ. ಕೆಳಗಿನ ಐದರಲ್ಲಿ ಯಾವುದು ಮಾರ್ಕಪ್, ಯಾವುದು ಸ್ಕ್ರಿಪ್ಟ್? ಅಜ್ಜ ಅಜ್ಜಿಯರ ಜೊತೆ ಕೂತು ವಿಂಗಡಿಸಿ.

1. ಇದು ಪುಟದ ಶೀರ್ಷಿಕೆ.
2. ಗುಂಡಿ ಒತ್ತಿದಾಗ ಅಂಕಗಳ ಸರಾಸರಿ ತೆಗೆ.
3. ಇಲ್ಲಿ ಒಂದು ಚಿತ್ರ ಇದೆ.
4. ವಯಸ್ಸು ಅರವತ್ತು ದಾಟಿದ್ದರೆ 'ಹಿರಿಯರು' ಎಂದು ತೋರಿಸು.
5. ಈ ಸಾಲುಗಳು ಒಂದು ಪಟ್ಟಿ.

ಒಂದು ಸುಳಿವು ಕೊಡುತ್ತೇನೆ: 'ಇದು ಏನು' ಎಂದು ಹೇಳುತ್ತಿದೆಯೋ, 'ಇದನ್ನು ಮಾಡು' ಎಂದು ಹೇಳುತ್ತಿದೆಯೋ ನೋಡಿ. ಉತ್ತರ ಮುಂದಿನ ವಾರ. ಅಷ್ಟರಲ್ಲಿ ಮನೆಯ ಹಾಲಿನ ಲೆಕ್ಕವನ್ನು ಒಮ್ಮೆ ಕೂಡಿ ನೋಡಿ. ದಶಕ ಮರೆಯಬೇಡಿ!